ರೊಕ್ಕ ಬೇಡ, ಖುರಾಕು ಕೊಡ್ರಿ

ಕಳೆದ ತಿಂಗಳು ಹಳಿಯಾಳದ ನಮ್ಮ ಕಾಲೇಜಿನಲ್ಲಿ ಪಿ.ಡಿ. ಸರ್‌ಗೊಂದು ಶ್ರದ್ಧಾಂಜಲಿ ಸಭೆ ಇಟ್ಟಿದ್ದರು. ಮಾತನಾಡಿದವರು ಏಳು ಜನ. ಅವರಲ್ಲಿ ಆರು ಜನ ಹೇಳಿದ್ದು ಒಂದೇ: ಸರ್ ರೊಕ್ಕ ಮುಟ್ಟದ ಮನುಷ್ಯ, ಆಟದ ಹುಡುಗರಿಗೂ ಮುಟ್ಟಗೊಡದ ಮನುಷ್ಯ, ಅಂಥವರು ಇನ್ನು ಹುಟ್ಟುವುದಿಲ್ಲ. ಏಳನೆಯವರು ಅದನ್ನೇ ಇಂಗ್ಲಿಷಿನಲ್ಲಿ ಹೇಳಿದರು. ಹಿಂದಿನ ಸಾಲಿನಲ್ಲಿ ಕೂತಿದ್ದ ನಾನು ಸೆರಗಿನ ಚುಂಗು ಹಿಂಡುತ್ತಿದ್ದೆ. ಪಕ್ಕದಲ್ಲಿದ್ದವರು ದುಃಖವೆಂದುಕೊಂಡು ನನ್ನ ಬೆನ್ನು ಸವರಿದರು. ದುಃಖ ಇರಲಿಲ್ಲವೆಂದಲ್ಲ. ಆದರೆ ಆ ಹೊತ್ತಿಗೆ ಬಂದದ್ದು ಸಿಟ್ಟು. ಸತ್ತವರ ಮೇಲೆ ಸಿಟ್ಟಾಗಬಾರದು ಎನ್ನುತ್ತಾರೆ; ಅವರು ಬದುಕಿದ್ದಾಗ ಇಪ್ಪತ್ತು ವರ್ಷ ಪಕ್ಕದ ಕೋಣೆಯಲ್ಲಿ ಕೂತವರು ಯಾರೂ ಹಾಗೆ ಹೇಳಲಾರರು.

ಅವರು ದೈಹಿಕ ಶಿಕ್ಷಣ ನಿರ್ದೇಶಕರು, ಎಲ್ಲರ ಬಾಯಲ್ಲಿ ಪಿ.ಡಿ. ಸರ್. ನಾನು ಗ್ರಂಥಪಾಲಕಿ. ಆಟದ ಕೋಣೆಗೂ ಗ್ರಂಥಾಲಯಕ್ಕೂ ನಡುವೆ ಒಂದೇ ಗೋಡೆ, ಅದೂ ಮೇಲೆ ಮೂರಡಿ ಖಾಲಿ. ಬೆಳಿಗ್ಗೆ ನಾನು ಬೀಗ ತೆಗೆದು ಒಳಗೆ ಕಾಲಿಟ್ಟರೆ ಪುಸ್ತಕದ ವಾಸನೆಗಿಂತ ಮೊದಲು ಬೆಂದ ತತ್ತಿಯ ವಾಸನೆ ಮೂಗಿಗೆ ಬಡಿಯುತ್ತಿತ್ತು. ಸೀಮೆಎಣ್ಣೆ ಸ್ಟೋವಿನ ಮೇಲೆ ದಿನಕ್ಕೆ ಮೂವತ್ತು ತತ್ತಿ ಬೇಯಿಸಿ, ತಾವೇ ಕೂತು ಸಿಪ್ಪೆ ಸುಲಿದು, ಓಡಿ ಬಂದ ಹುಡುಗ ಹುಡುಗಿಯರ ಕೈಯಲ್ಲಿಡುತ್ತಿದ್ದರು. ಪ್ರಾಚಾರ್ಯರಿಗೆ ನಾನು ಮೂರು ಸಲ ಲಿಖಿತ ದೂರು ಕೊಟ್ಟೆ. ಮೂರನೆಯದಾದ ಮೇಲೆ ಸರ್ ತಾವೇ ನನ್ನ ಬಾಗಿಲಿಗೆ ಬಂದು, ನನ್ನ ಪುಸ್ತಕ ಓದಿ ಇದುವರೆಗೆ ಯಾರಾದರೂ ಓಟದಲ್ಲಿ ಗೆದ್ದಿದ್ದಾರೆಯೇ ಎಂದು ಕೇಳಿ ಹೋದರು. ಉತ್ತರಕ್ಕೂ ನಿಲ್ಲಲಿಲ್ಲ.

ಇನ್ನೊಂದು ಚಾಳಿ ಕೆಂಪು ಆಯಿಲ್ ಪೇಂಟಿನದು. ಆಟದ ಕೋಣೆಗೆ ಬಂದ ಯಾವ ವಸ್ತುವನ್ನೂ ಅವರು ಬರಿದೆ ಬಿಡುತ್ತಿರಲಿಲ್ಲ. ಚೆಂಡು, ಭರ್ಚಿ, ಗುಂಡು, ಸ್ಟೋವು, ನೀರಿನ ಕೊಡ, ಎಲ್ಲದರ ಮೇಲೂ ‘ಕ್ರೀಡಾ ವಿಭಾಗ’ ಎಂದು ದಪ್ಪ ಅಕ್ಷರ. ಒಮ್ಮೆ ನನ್ನ ಕುರ್ಚಿಯನ್ನು ಒಂದು ದಿನದ ಮಟ್ಟಿಗೆ ಒಯ್ದರು. ಮರಳಿ ಬಂದಾಗ ಅದೂ ಕ್ರೀಡಾ ವಿಭಾಗದ್ದಾಗಿತ್ತು. ನಿವೃತ್ತಿಯವರೆಗೆ ನಾನು ಆ ಕುರ್ಚಿಯಲ್ಲೇ ಕೂತೆ.

ಹುಡುಗಿಯರ ತಂಡದ ಜೊತೆ ಮಹಿಳಾ ಸಿಬ್ಬಂದಿಯೊಬ್ಬರು ಹೋಗಲೇಬೇಕೆಂಬ ನಿಯಮವಿತ್ತು. ನಮ್ಮಲ್ಲಿ ಇದ್ದ ಮಹಿಳಾ ಸಿಬ್ಬಂದಿ ಮೂವರು. ಇಬ್ಬರಿಗೆ ಚಿಕ್ಕ ಮಕ್ಕಳು. ಹಾಗಾಗಿ ವರ್ಷಕ್ಕೆ ನಾಲ್ಕೈದು ಸಲ ನಾನೇ ಆ ಮನುಷ್ಯನ ಹಿಂದೆ ಬಸ್ಸು ಹತ್ತಬೇಕಾಗುತ್ತಿತ್ತು. ಅದಲ್ಲದೆ ಕೆಲವು ರವಿವಾರ ದಾಂಡೇಲಿಗೆ ಹೋಗಿ ಕೋಗಿಲಬನದ ರಸ್ತೆಯಲ್ಲಿ ಓಡಿಸುವುದು, ನಾನು ಚಪ್ಪಲಿ ಟವೆಲ್ಲು ಕಾಯುತ್ತ ಮೋರಿಯ ಮೇಲೆ ಕೂರುವುದು. ಅವರ ತಂದೆ ಧಾರವಾಡದ ಕಡೆಯಿಂದ ಕಾಗದದ ಗಿರಣಿ ಕೆಲಸಕ್ಕೆಂದು ಬಂದವರು. ಅದರಿಂದ ದಾಂಡೇಲಿಯಲ್ಲಿ ಮೂರು ಹೆಜ್ಜೆಗೊಬ್ಬ ಗುರುತಿನವರು ಸಿಗುತ್ತಿದ್ದರು. ಎಲ್ಲರ ಹತ್ತಿರವೂ ಇವರು ಕೇಳುತ್ತಿದ್ದುದು ಒಂದನ್ನೇ: ನಮ್ಮ ಹುಡುಗರಿಗೆ ಖುರಾಕಿಗೆ ಏನಾದರೂ ಕೊಡ್ರಿ.

ಖುರಾಕು ಎಂದರೆ ಪೈಲ್ವಾನನಿಗೆ ಹಾಕುವ ಊಟ: ಹಾಲು, ತುಪ್ಪ, ಬದಾಮಿ, ತತ್ತಿ. ಹಳಿಯಾಳ ಕುಸ್ತಿಯ ಊರು. ಇಲ್ಲಿ ಅನುಕೂಲಸ್ಥರು ಪೈಲ್ವಾನನ ಕೈಗೆ ರೊಕ್ಕ ಹಾಕದೆ ತಾಲೀಮಿಗೆ, ಅಂದರೆ ಗರಡಿಮನೆಗೆ, ಖುರಾಕು ಕಳಿಸುವುದು ಹಿಂದಿನಿಂದ ಬಂದ ರೂಢಿ. ಸರ್ ಕೂಡ ಹರೆಯದಲ್ಲಿ ತಾಲೀಮಿನ ಮಣ್ಣಿನಲ್ಲಿ ಬೆಳೆದವರೇ. ಓಟ, ಕಬಡ್ಡಿ, ಖೋಖೋ ಎಲ್ಲಕ್ಕೂ ಅದೇ ಕಾಯಿದೆ ಹಚ್ಚಿಬಿಟ್ಟಿದ್ದರು. “ರೊಕ್ಕಾ ಕೈಯಾಗ ಬಂದ್ರ ಕಾಲು ಭಾರ ಆಗ್ತಾವ” ಎನ್ನುವುದು ಅವರ ಮಂತ್ರ. ಕಾಲೇಜಿಗೆ ಹುಡುಗರನ್ನು ಸೆಳೆದುಕೊಂಡು ಬರುವುದೂ ಅದೇ ಖುರಾಕಿನ ಆಸೆ ತೋರಿಸಿ. ಜೋಯಿಡಾದ ಹಳ್ಳಿಗಳಲ್ಲಿ ತಪ್ಪು ತಪ್ಪು ಕೊಂಕಣಿಯಲ್ಲಿ, ಮುಂಡಗೋಡದ ಹಳ್ಳಿಗಳಲ್ಲಿ ಜೋರು ದನಿಯಲ್ಲಿ, ಅಂಗಳದಲ್ಲಿ ನಿಂತು ತತ್ತಿಯ ಲೆಕ್ಕ ಹೇಳುತ್ತಿದ್ದರು.

ನೀಲವ್ವ ಬಂದದ್ದು ಹಾಗೆಯೇ. ಚಿಗಳ್ಳಿಯ ಹುಡುಗಿ. ತಂದೆ ತಾಯಿ ಕೂಲಿ ಮಾಡುವವರು. ತಾಲೂಕು ಮಟ್ಟದ ಓಟದಲ್ಲಿ ಬರಿಗಾಲಲ್ಲಿ ಓಡಿ ಎರಡನೆಯವಳಿಗಿಂತ ಒಂದು ಸುತ್ತು ಮುಂದೆ ಬಂದಳೆಂದು ಕೇಳಿ ಸರ್ ಅವಳ ಮನೆಗೆ ಮೂರು ಸಲ ಹೋಗಿ ಬಂದರು. ಮೂರನೆಯ ಸಲ ನನ್ನನ್ನೂ ಎಳೆದುಕೊಂಡು ಹೋಗಿದ್ದರು, ಹೆಣ್ಣುಮಗಳನ್ನು ಕಳಿಸುವ ತಾಯಿಗೆ ಧೈರ್ಯ ಬರಲಿ ಎಂದು. ಹುಡುಗಿ ಬಿ.ಎ. ಮೊದಲ ವರ್ಷಕ್ಕೆ ಸೇರಿ ನಮ್ಮ ಹಾಸ್ಟೆಲ್ಲಿಗೆ ಬಂದಳು. ಮಾತು ಕಡಿಮೆ, ನಡೆದರೆ ಸದ್ದಿಲ್ಲ. ಉಳಿದವರಿಗೆ ನಾನು ಮೇಡಂ, ಸರ್‌ಗೆ ಬಾಯಾರು, ಅವಳಿಗೆ ಮಾತ್ರ ಹಳ್ಳಿಶಾಲೆಯ ರೂಢಿಯಂತೆ ಅಕ್ಕೋರು. ಆ ವರ್ಷ ಅಂತರ ಕಾಲೇಜು ಗುಡ್ಡಗಾಡು ಓಟದಲ್ಲಿ ಅವಳು ಮೊದಲು ಬಂದಳು. ನಮ್ಮ ಕಾಲೇಜಿಗೆ ಅಂಥದೊಂದು ಹಿಂದೆಂದೂ ಆಗಿರಲಿಲ್ಲ.

ಆಗ ಬಂದರು ದಾಂಡೇಲಿಯ ಚಹಾಪುಡಿ ವ್ಯಾಪಾರಿ. ಪುಡಿ ತರಿಸಿ, ತಮ್ಮದೇ ಹೆಸರಿನ ಪೊಟ್ಟಣಕ್ಕೆ ತುಂಬಿಸಿ ಮಾರುವವರು. ಹೊಸ ವರ್ಷದ ಕ್ಯಾಲೆಂಡರಿಗೆ ನೀಲವ್ವನ ಫೋಟೋ ಬೇಕು, ಬದಲಿಗೆ ತಿಂಗಳಿಗೆ ಐದುನೂರು ರೂಪಾಯಿ ಹುಡುಗಿಯ ಕೈಗೆ ಕೊಡುತ್ತೇನೆ ಎಂದರು. ಸ್ಟಾಫ್ ರೂಮಿನಲ್ಲಿ ಎರಡು ದಿನ ಅದೇ ಚರ್ಚೆ. ಆಟಕ್ಕೆ ರೊಕ್ಕ ಬಂದರೆ ಓದು ಹಾಳು, ವಿದ್ಯೆಯ ಮಂದಿರ ಸಂತೆಯಾಗುತ್ತದೆ ಎಂದರು ಇಂಗ್ಲಿಷಿನವರು. ಅವರು ಮನೆಯಲ್ಲಿ ಟ್ಯೂಷನ್ ಹೇಳಿ ಎರಡಂತಸ್ತು ಕಟ್ಟಿಸಿದ್ದರು. ಅವಳ ಮುಖ, ಅವಳ ಕಾಲು, ಅವಳ ಕೂಲಿ ಎಂದರು ವಾಣಿಜ್ಯದವರು. ಹುಡುಗಿಯನ್ನು ಕೇಳೋಣವೆಂದು ಯಾರಿಗೂ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ, ಸುಳ್ಳೇಕೆ ಹೇಳಲಿ.

ಸರ್ ವ್ಯಾಪಾರಿಗೆ ಹೇಳಿದ್ದು, “ರೊಕ್ಕಾ ಬ್ಯಾಡ್ರಿ, ಖುರಾಕ ಕೊಡ್ರಿ.” ಅವರಿಗೇನು, ಇನ್ನೂ ಅಗ್ಗವಾಯಿತೆಂದು ನಕ್ಕು ಒಪ್ಪಿದರು. ಪ್ರತಿ ತಿಂಗಳು ತುಪ್ಪ, ಬದಾಮಿ, ಖರ್ಜೂರ, ಬೆಲ್ಲ ಆಟದ ಕೋಣೆಗೆ ಬರತೊಡಗಿತು. ಕ್ಯಾಲೆಂಡರಿನಲ್ಲಿ ಅವಳ ಕೈಗೆ ಚಹಾದ ಕಪ್ಪು ಕೊಡಲು ಸರ್ ಬಿಡಲಿಲ್ಲ; ತಮ್ಮ ಆಟಗಾರರಿಗೆ ಚಹಾ ನಿಷೇಧ, ಸುಳ್ಳು ಚಿತ್ರ ತೆಗೆಯುವ ಹಾಗಿಲ್ಲ. ಅದಕ್ಕೆ ಹುಡುಗಿ ಒಂದು ಕಡೆ ಓಡುತ್ತಿದ್ದಳು, ಕಪ್ಪು ಇನ್ನೊಂದು ಮೂಲೆಯಲ್ಲಿ ಗಾಳಿಯಲ್ಲಿ ನಿಂತಿತ್ತು. ಆ ಕ್ಯಾಲೆಂಡರು ಹಳಿಯಾಳದ ಅರ್ಧ ಅಡುಗೆಮನೆಗಳಲ್ಲಿ ವರ್ಷವಿಡೀ ತೂಗಿತು.

ತತ್ತಿಯನ್ನು ಎದುರಿಗೇ ತಿನ್ನಿಸುತ್ತಿದ್ದರು. ತುಪ್ಪ ಬದಾಮಿಗಳನ್ನು ಮಾತ್ರ ಹಾಸ್ಟೆಲ್ಲಿಗೆ ಒಯ್ಯಲು ಅವಳ ಕೈಗೇ ಕೊಡುತ್ತಿದ್ದರು. ಎರಡು ತಿಂಗಳಾದ ಮೇಲೆ ನೀಲವ್ವನ ಓಟ ಕೆಟ್ಟಿತು. ಮೈ ಇಳಿಯಿತು. ಸರ್ ಗಡಿಯಾರ ನೋಡಿ ನೋಡಿ ತಲೆ ಕೊಡವಿ, ತುಪ್ಪ ಸಾಲುತ್ತಿಲ್ಲವೆಂದು ಹೆಚ್ಚು ಮಾಡಿದರು. ಅವಳು ಇನ್ನಷ್ಟು ಹಿಂದೆ ಬಿದ್ದಳು. ಬೇರೆ ಜಿಲ್ಲೆಯಲ್ಲಿ ನಡೆದ ದೊಡ್ಡ ಸ್ಪರ್ಧೆಯಲ್ಲಿ ಆರನೆಯವಳಾದಾಗ ಚಹಾ ವ್ಯಾಪಾರಿಗೆ ಆಸಕ್ತಿ ಹೋಯಿತು, ಖುರಾಕೂ ನಿಂತಿತು. ಸರ್ ಯಾರಿಗೂ ಹೇಳದೆ ಪೇಟೆಯ ಕಿರಾಣಿ ಅಂಗಡಿಯಿಂದ ತಾವೇ ತುಪ್ಪ ಕೊಂಡು ಕೊಡಲು ಶುರು ಮಾಡಿದರು.

ಇದೆಲ್ಲ ನನಗೆ ತಿಳಿದದ್ದು ಹೋಳಿಗೆಗೆ ತುಪ್ಪ ತರಲು ಅದೇ ಅಂಗಡಿಗೆ ಹೋದಾಗ. ಅಂಗಡಿಯವರು ಒಂದು ಡಬ್ಬಿ ತೆಗೆದು ಕೊಟ್ಟರು. ಮನೆಗೆ ತಂದು ತಿರುಗಿಸಿ ನೋಡಿದರೆ ಹಿಂದುಗಡೆ ಕೆಂಪು ಬಣ್ಣದಲ್ಲಿ ‘ಕ್ರೀಡಾ ವಿಭಾಗ’. ಕೆಳಗೆ ನೀಲವ್ವನ ಎದೆಯ ಮೇಲಿನ ನಂಬರು. ಬಣ್ಣವನ್ನು ಸೀಮೆಎಣ್ಣೆಯಲ್ಲಿ ಒರೆಸಿ ಇಡುವುದು ಅಂಗಡಿಯವರ ಪದ್ಧತಿಯಂತೆ, ಅದೊಂದನ್ನು ಮರೆತಿದ್ದರು. ಅಂಗಡಿಗೆ ಮರಳಿ ಹೋಗಿ ಕೇಳಿದರೆ ನಾಚಿಕೆಯಿಲ್ಲದೆ ಎಲ್ಲ ಹೇಳಿದರು. ಸರ್ ಅವರಲ್ಲಿ ತುಪ್ಪ ಕೊಂಡು, ಬಣ್ಣ ಹಚ್ಚಿ ಹುಡುಗಿಗೆ ಕೊಡುತ್ತಾರೆ. ಹುಡುಗಿ ಅದನ್ನು ಅಲ್ಲಿಗೇ ತಂದು ಅರ್ಧ ಬೆಲೆಗೆ ಮಾರುತ್ತಾಳೆ. ಅವರು ಮತ್ತೆ ಪೂರ್ತಿ ಬೆಲೆಗೆ ನನ್ನಂಥವರಿಗೆ ಮಾರುತ್ತಾರೆ. ಎರಡು ತಿಂಗಳಿಂದ ನಮ್ಮ ಮನೆಯವರೆಲ್ಲ ಆ ಹುಡುಗಿಯ ಖುರಾಕು ತಿಂದು ಮೈ ಬೆಳೆಸಿದ್ದೆವು.

ಮರುದಿನ ನೀಲವ್ವನನ್ನು ಪುಸ್ತಕದ ಕಪಾಟುಗಳ ನಡುವೆ ನಿಲ್ಲಿಸಿ ಕೇಳಿದೆ. ಅವಳು ತಲೆ ತಗ್ಗಿಸಲಿಲ್ಲ. ಫೆಬ್ರುವರಿಯಲ್ಲಿ ಲಾರಿಗೆ ದಿಮ್ಮಿ ತುಂಬುವಾಗ ಒಂದು ದಿಮ್ಮಿ ಉರುಳಿ ಅಪ್ಪನ ಕಾಲು ಮುರಿದಿತ್ತು. ಒಳಗೆ ಸರಳು ಹಾಕಿಸದಿದ್ದರೆ ಇನ್ನು ನಡೆಯುವುದಿಲ್ಲ ಎಂದಿದ್ದರು ಡಾಕ್ಟರು. ಪರೀಕ್ಷೆ ಮುಗಿದ ಮೇಲೆ ಅವಳನ್ನು ಗೋವಾಕ್ಕೆ ಮನೆಗೆಲಸಕ್ಕೆ ಕಳಿಸಲು ಸೋದರತ್ತೆ ಮಾತಾಡಿ ಇಟ್ಟಿದ್ದರು. ಓದೂ ಓಟವೂ ಅಲ್ಲಿಗೆ ಮುಗಿದಂತೆ. ಸರ್‌ಗೆ ಯಾಕೆ ಹೇಳಲಿಲ್ಲ ಎಂದೆ.

“ಹೇಳಿದ್ರ ಇನ್ನೊಂದ ಡಬ್ಬಿ ತುಪ್ಪಾ ಕೊಡ್ತಾರ್ರಿ ಅಕ್ಕೋರ,” ಎಂದಳು. “ತುಪ್ಪಾ ದವಾಖಾನ್ಯಾಗ ತಗೊಳ್ಳಂಗಿಲ್ಲ. ರೊಕ್ಕಾ ಆದ್ರ ಕಂಡಕ್ಟರ್ ಕೈಯಾಗ ಕೊಟ್ರ ಮನಿ ಮುಟ್ಟತೈತಿ.”

ನಾನು ಡಬ್ಬಿ ಹಿಡಿದು ಆಟದ ಕೋಣೆಗೆ ನುಗ್ಗಿ ಎಲ್ಲ ಹೇಳಿದೆ. ಅಷ್ಟು ವರ್ಷದ ತತ್ತಿಯ ವಾಸನೆಯ ಸಿಟ್ಟೂ ಅದರಲ್ಲಿ ಸೇರಿತ್ತೆಂದು ಕಾಣುತ್ತದೆ. ಅವರು ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿ ಸ್ಟೋವಿನ ಪಕ್ಕ ಇಟ್ಟರು. ಆಮೇಲೆ ಹೇಳಿದ ಸಂಗತಿಯನ್ನು ನಾನು ಅದುವರೆಗೆ ಕೇಳಿರಲಿಲ್ಲ. ಹರೆಯದಲ್ಲಿ ಅವರಿಗೊಬ್ಬ ಸಾಹುಕಾರ ತಿಂಗಳಿಗಿಷ್ಟು ರೊಕ್ಕ ಕೊಟ್ಟು ತನ್ನ ಹೆಸರಿನಲ್ಲಿ ಕುಸ್ತಿ ಆಡಿಸುತ್ತಿದ್ದನಂತೆ. ಒಂದು ಕುಸ್ತಿಯಲ್ಲಿ ಭುಜ ಕಳಚಿತು. ಅಂದು ಸಂಜೆಯೇ ಸಾಹುಕಾರ ಬೇರೊಬ್ಬ ಪೈಲ್ವಾನನನ್ನು ಹುಡುಕಿಕೊಂಡ. ತಾಲೀಮಿನಲ್ಲಿ ಕುಸ್ತಿ ಕಲಿಸಿದ ವಸ್ತಾದರು ಮಾತ್ರ, ಇವರು ಇನ್ನು ಕಣಕ್ಕಿಳಿಯುವುದಿಲ್ಲವೆಂದು ಗೊತ್ತಿದ್ದೂ, ವರ್ಷವಿಡೀ ಹಾಲು ಹಾಕಿದರು.

“ರೊಕ್ಕಾ ಕೊಟ್ಟಾಂವ ಮೊದಲ ಓಡಿ ಹೋದಾ ರೀ ಬಾಯಾರ,” ಎಂದರು. “ಹಾಲು ಹಾಕಿದಾಂವ ಉಳದಾ.”

ಆ ಹೊತ್ತಿಗೆ ಬೇರೆ ಯಾರಾದರೂ ಸುಮ್ಮನಾಗುತ್ತಿದ್ದರು. ನಾನು ಆಗಲಿಲ್ಲ. ಚಹಾದವರು ಖುರಾಕನ್ನೇ ಕೊಟ್ಟಿದ್ದರಲ್ಲ, ಅವರೂ ಓಡಿಹೋಗಲಿಲ್ಲವೇ ಎಂದೆ. ನೀವೂ ಆ ಹುಡುಗಿಯನ್ನು ತತ್ತಿ ತೋರಿಸಿ ಕೊಂಡು ತಂದವರೇ, ಬೇರೆಯವರು ರೊಕ್ಕ ಕೊಟ್ಟರೆ ಮಾತ್ರ ಅದು ಪಾಪ ಹೇಗಾಯಿತು ಎಂದೆ. ಅವರು ಸ್ಟೋವಿಗೆ ಗಾಳಿ ಹಾಕತೊಡಗಿದರು. ಸ್ಟೋವು ಹೊತ್ತಿರಲಿಲ್ಲ.

ಹದಿನೈದು ದಿನದಲ್ಲಿ ಬಯಲುಸೀಮೆಯ ದೊಡ್ಡ ಊರಿನ ಕಾಲೇಜೊಂದರಿಂದ ನೀಲವ್ವನಿಗೆ ಕರೆ ಬಂತು. ಗುಡ್ಡಗಾಡು ಓಟದಲ್ಲಿ ಅವಳನ್ನು ನೋಡಿದ್ದವರು. ಅಲ್ಲಿಗೆ ಬಂದರೆ ಹಾಸ್ಟೆಲ್ಲು ಪುಕ್ಕಟೆ, ತಿಂಗಳಿಗೆ ಸಾವಿರ ರೂಪಾಯಿ, ಅಪ್ಪನ ಆಪರೇಷನ್ನಿಗೆ ಮೊದಲೇ ಒಂದಿಷ್ಟು ಮುಂಗಡ. ಒಂದು ಬೂಟಿನ ಅಂಗಡಿಯ ಹೆಸರಿನ ಬನಿಯನ್ ಹಾಕಿಕೊಂಡು ಓಡಬೇಕು. ನಮ್ಮ ಕಾಲೇಜಿನಿಂದ ವರ್ಗಾವಣೆ ಪತ್ರ ಬೇಕಿತ್ತು. ಅರ್ಜಿಗೆ ಪಿ.ಡಿ. ಸಹಿ ಮಾಡಿದರೆ ಕೊಡುತ್ತೇನೆಂದು ಪ್ರಾಚಾರ್ಯರು ಕೈ ತೊಳೆದುಕೊಂಡರು. ಸರ್ ಆ ಅರ್ಜಿಯನ್ನು ಹನ್ನೊಂದು ದಿನ ಅಂಗಿಯ ಜೇಬಿನಲ್ಲಿಟ್ಟುಕೊಂಡು ತಿರುಗಿದರು. ಹನ್ನೆರಡನೆಯ ದಿನ ಬಂದು, ನಾಳೆ ಮೊದಲನೇ ಬಸ್ಸಿಗೆ ಹುಡುಗಿಯನ್ನು ಕರೆದುಕೊಂಡು ಆ ಕಾಲೇಜಿಗೆ ಹೋಗುವುದಿದೆ, ನೀವೂ ಬರಬೇಕು ಎಂದರು. ಇಂಥದಕ್ಕೂ ಮಹಿಳಾ ಸಿಬ್ಬಂದಿ ಬೇಕೇ ಎಂದು ಗೊಣಗಿಕೊಂಡೇ ಹೋದೆ.

ಅಲ್ಲಿ ಆಡಳಿತ ಮಂಡಳಿಯ ಅಧ್ಯಕ್ಷರ ಕೋಣೆಯಲ್ಲಿ ಅವರು ಮಾಡಿದ್ದನ್ನು ನೆನೆದರೆ ಈಗಲೂ ಬೆರಗಾಗುತ್ತದೆ. ರೊಕ್ಕವೆಂದರೆ ಮುಖ ಕಿವುಚುತ್ತಿದ್ದ ಮನುಷ್ಯ ಎತ್ತಿನ ಸಂತೆಯ ದಲಾಲಿಯ ಹಾಗೆ ಚೌಕಾಸಿಗೆ ಕೂತರು. ಸಾವಿರವನ್ನು ಸಾವಿರದ ಮುನ್ನೂರು ಮಾಡಿಸಿದರು. ಅದು ಮನಿಆರ್ಡರಿನಲ್ಲಿ ನೇರ ಚಿಗಳ್ಳಿಗೆ, ತಾಯಿಯ ಹೆಸರಿಗೆ ಹೋಗಬೇಕು ಎಂದರು. ಪರೀಕ್ಷೆಯ ತಿಂಗಳಲ್ಲಿ ಓಡಿಸಬಾರದು ಎಂದರು. ಅಧ್ಯಕ್ಷರು ಎಲ್ಲಕ್ಕೂ ಹೂಂ ಎಂದರು. ಕೊನೆಯದಾಗಿ ಸರ್, ನಾಳೆ ಇವಳ ಕಾಲಿಗೇನಾದರೂ ಆಗಿ ಓಡಲಾಗದೆ ಹೋದರೂ ಡಿಗ್ರಿ ಮುಗಿಯುವವರೆಗೆ ರೊಕ್ಕ ನಿಲ್ಲಬಾರದು, ಇದನ್ನು ಬರೆದು ಸಹಿ ಮಾಡಿಕೊಡಿ ಎಂದರು. ಅಧ್ಯಕ್ಷರು ನಕ್ಕರು. ಕಾಲೇಜಿನ ಆಟಗಾರರಿಗೆ ಸಂಬಳ ಕೊಡುವ ಹಾಗಿಲ್ಲವೆಂದು ನಿಯಮವಿದೆ, ಬರೆದು ಕೊಡುವುದು ಹೇಗೆ, ಬಾಯಿಮಾತು ಸಾಲದೇ ಎಂದರು. ಸರ್ ಎದ್ದು ನಿಂತರು. ಬರೆದು ಕೊಡದ ರೊಕ್ಕ ತಮಗೆ ಬೇಡ, ನಡೀರಿ ಬಾಯಾರ ಎಂದು ನನಗೆ ಕಣ್ಸನ್ನೆ ಮಾಡಿದರು. ಜೇಬಿನಲ್ಲಿದ್ದ ಅರ್ಜಿ ಜೇಬಿನಲ್ಲೇ ಇತ್ತು.

ನಾನು ಹಲ್ಲು ಕಚ್ಚಿದೆ. ಇಷ್ಟೆಲ್ಲ ಮಾಡಿ ಮತ್ತೆ ಮೊದಲಿನ ಜಾಗಕ್ಕೇ ಬಂದರಲ್ಲ ಎಂದು ಬಾಯಿ ತೆರೆಯುವಷ್ಟರಲ್ಲಿ, ಅದುವರೆಗೆ ಬಾಗಿಲ ಹತ್ತಿರ ನಿಂತೇ ಇದ್ದ ನೀಲವ್ವ ಮಾತಾಡಿದಳು.

“ಸರ್, ನೀವು ನಾಳೆ ನನ್ನ ಕಾಲು ಮುರದ್ರ ಅಂತ ಕೇಳಾಕತ್ತೀರಿ. ನಮ್ಮಪ್ಪನ ಕಾಲು ಇವತ್ತ ಮುರದೈತಿ.”

ಸರ್ ಅವಳ ಮುಖ ನೋಡಿದರು, ಆಮೇಲೆ ಕುರ್ಚಿಯಲ್ಲಿ ಕೂತು, ಅರ್ಜಿ ತೆಗೆದು, ತೊಡೆಯ ಮೇಲೆ ಇಟ್ಟುಕೊಂಡು ಸಹಿ ಮಾಡಿದರು. ಮರಳುವ ಬಸ್ಸಿನಲ್ಲಿ ಹಳಿಯಾಳ ಮುಟ್ಟುವವರೆಗೆ ಒಂದೂ ಮಾತಾಡಲಿಲ್ಲ. ಇಪ್ಪತ್ತು ವರ್ಷದಲ್ಲಿ ಆ ಮನುಷ್ಯ ಅಷ್ಟು ಹೊತ್ತು ಬಾಯಿ ಮುಚ್ಚಿದ್ದು ನಾನು ಕಂಡದ್ದು ಅದೊಂದೇ ಸಲ. ಮಾತಾಡಲಿ ಎಂದು ಮೊದಲ ಬಾರಿಗೆ ನನಗೆ ಅನ್ನಿಸಿತು.

ನೀಲವ್ವ ಅಲ್ಲಿ ಹೋಗಿ ಗೆದ್ದಳು, ನಮ್ಮ ಕಾಲೇಜಿನ ವಿರುದ್ಧವೂ ಗೆದ್ದಳು. ಪ್ರಾಚಾರ್ಯರು ಸರ್‌ಗೆ ಒಂದು ಮೆಮೊ ಕೊಟ್ಟರು. ಒಂದು ವರ್ಷ ನಾಲ್ಕು ತಿಂಗಳು ರೊಕ್ಕ ತಪ್ಪದೆ ಚಿಗಳ್ಳಿಗೆ ಬಂತು. ಆಮೇಲೆ ಅವಳ ಮೊಣಕಾಲು ಬಾತಿತು. ಓಡಲು ಆಗಲಿಲ್ಲ. ಮರುತಿಂಗಳು ರೊಕ್ಕ ನಿಂತಿತು, ಹಾಸ್ಟೆಲ್ಲಿನವರು ಫೀ ಕಟ್ಟು, ಇಲ್ಲವೇ ಕೋಣೆ ಖಾಲಿ ಮಾಡು ಎಂದರು. ಕೊನೆಯ ಪರೀಕ್ಷೆಗೆ ಇನ್ನು ಐದು ತಿಂಗಳಿತ್ತು. ಇದೆಲ್ಲವನ್ನೂ ಅವಳು ನನಗೆ ಒಂದು ಕಾಗದದಲ್ಲಿ ಬರೆದಿದ್ದಳು. ಸರ್‌ಗೆ ಹೇಳಬೇಡಿ ಎಂದೂ ಬರೆದಿದ್ದಳು.

ನಾನು ಕಾಗದ ಹಿಡಿದು ನೇರ ಆಟದ ಕೋಣೆಗೆ ಹೋದೆ. ಅವರು ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದರು. ನಾ ಹೇಳಿರಲಿಲ್ಲೇನು ಎನ್ನುತ್ತಾರೆಂದು ಕಾದೆ. ಹಾಗಂದರೆ ಕೊಡಬೇಕಾದ ಉತ್ತರವೂ ಸಿದ್ಧವಿತ್ತು. ಅವರು ಕೇಳಿದ್ದು, ಅಪ್ಪ ನಡೆದಾಡುತ್ತಾನಂತೇನು ಎಂದು. ಕೋಲು ಹಿಡಿದು ನಡೆಯುತ್ತಾನೆ, ಗದ್ದೆ ಕಾಯಲು ಹೋಗುತ್ತಾನಂತೆ ಎಂದೆ. ತಲೆಯಾಡಿಸಿದರು. ಆಮೇಲೆ, ಮನಿಆರ್ಡರ್ ಫಾರ್ಮು ತುಂಬುವುದು ಹೇಗೆ ಎಂದು ನನ್ನನ್ನು ಕೇಳಿದರು. ಜೀವಮಾನದಲ್ಲಿ ಯಾರಿಗೂ ರೊಕ್ಕ ಕಳಿಸಿರಲಿಲ್ಲವಲ್ಲ.

ಅಂಚೆ ಕಚೇರಿಯಲ್ಲಿ ನಾನೇ ಫಾರ್ಮು ತುಂಬಿದೆ. ಆ ತಿಂಗಳಲ್ಲದೆ ಮುಂದೆ ಪರೀಕ್ಷೆ ಮುಗಿಯುವವರೆಗಿನ ಪ್ರತಿ ತಿಂಗಳೂ ತುಂಬಿದೆ. ಯಾರಿಗೂ ಹೇಳಕೂಡದೆಂದು ನನ್ನಿಂದ ಮಾತು ತೆಗೆದುಕೊಂಡಿದ್ದರು. ಆ ಮೊದಲನೆಯ ಫಾರ್ಮಿನಲ್ಲಿ ಸಂದೇಶಕ್ಕೆಂದು ಎರಡು ಸಾಲು ಜಾಗವಿತ್ತು. ಏನು ಬರೆಯಲಿ ಎಂದೆ. ಅವರು ಯೋಚಿಸಲೂ ಇಲ್ಲ.

“ಮೊಣಕಾಲು ಪೂರಾ ಆರಾಮ ಆಗೂತನಕ ಓಡಬ್ಯಾಡ ಅಂತ ಬರೀರಿ,” ಎಂದರು. “ಯಾರ ಕೇಳಿದ್ರೂ ಓಡಬ್ಯಾಡ. ನಾ ಕೇಳಿದ್ರೂ ಓಡಬ್ಯಾಡ.”